ಚಿರತೆಯ ಚಿತ್ರ: ಕೋವಿಯ ಕಾಲದಿಂದ ಕ್ಯಾಮೆರಾದ ಕಾಲದವರೆಗೆ

ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿಯ ಕಡೆಯ ಕನ್ನಡ ಮನೆಗಳಲ್ಲಿ ಚಿರತೆಯ ಹೆಸರು ಕೇಳದೆ ಬೆಳೆದ ಮಕ್ಕಳಿಲ್ಲ. ಕಾಡಂಚಿನ ಊರುಗಳಲ್ಲಿ ಕತ್ತಲಾಗುವ ಮುನ್ನ ಆಡುಗಳನ್ನು ದೊಡ್ಡಿಗೆ ಕೂಡಿ ಬಾಗಿಲು ಭದ್ರಪಡಿಸುವುದು ಇಂದಿಗೂ ನಡೆದುಬಂದಿರುವ ರೂಢಿ. ಅದೇ ಚಿರತೆಯನ್ನು ಒಮ್ಮೆ ಕಾಣಬೇಕೆಂದು, ಕಂಡರೆ ಅದರ ಚಿತ್ರ ತೆಗೆಯಬೇಕೆಂದು, ಈಗ ದೂರದೂರದ ಜನ ಹಣ ತೆತ್ತು ಕಾಡಿಗೆ ಬರುತ್ತಾರೆ. ಒಂದೇ ಪ್ರಾಣಿಯನ್ನು ಕುರಿತ ಈ ಎರಡು ದೃಷ್ಟಿಗಳ ನಡುವಿನ ಚರಿತ್ರೆಯನ್ನು ನೆನೆಯುವುದು ಗಡಿಯ ಕಾಡಿನ ಮಗ್ಗುಲಲ್ಲೇ ಬಾಳುವ ನಮಗೆ ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಸೀಮೆ ಸೇಲಂ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಇಲ್ಲಿನ ಚಿರತೆಯನ್ನು ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಕೆನೆತ್ ಆ್ಯಂಡರ್ಸನ್. 1954ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕ ಚಿರತೆಯ ಕಥೆಯಿದೆ. ಜವಳಗಿರಿ, ಅಂಚೆಟ್ಟಿಗಳ ಹೆಸರುಗಳು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪೂರ್ಣಚಂದ್ರ ತೇಜಸ್ವಿಯವರು ಆ್ಯಂಡರ್ಸನ್ನರ ಅನುಭವಗಳನ್ನು ‘ಕಾಡಿನ ಕತೆಗಳು’ ಎಂಬ ಮಾಲೆಯಾಗಿ ಕನ್ನಡಕ್ಕೆ ತಂದ ಮೇಲೆ ಆ ಲೋಕ ನಮ್ಮ ಭಾಷೆಯದೇ ಆಯಿತು. ಆದರೆ ಆ ಕಾಲದಲ್ಲಿ ಚಿರತೆಯ ಚಿತ್ರವೆಂದರೆ ಬಹುಪಾಲು ಸತ್ತ ಚಿರತೆಯ ಚಿತ್ರವೇ. ನೆಲದ ಮೇಲೆ ಉದ್ದಕ್ಕೆ ಮಲಗಿಸಿದ ಶವ, ಹಿಂದೆ ಕೋವಿ ಹಿಡಿದ ಬೇಟೆಗಾರ, ಸುತ್ತ ಊರ ಜನ. ಬದುಕಿರುವ ಚಿರತೆಯನ್ನು ಅದರ ನೆಲೆಯಲ್ಲಿಯೇ ಚಿತ್ರಿಸಬಹುದೆಂಬ ಕಲ್ಪನೆ ಕೆಲವೇ ಮಂದಿಗೆ ಹೊಳೆದಿತ್ತು.

ಭಾರತದಲ್ಲಿ ಆ ಕೆಲವರ ಪೈಕಿ ಅಗ್ರಗಣ್ಯರು ಎಫ್. ಡಬ್ಲ್ಯು. ಚಾಂಪಿಯನ್. ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಅವರು ಪ್ರಾಣಿಗಳು ರಾತ್ರಿ ನಡೆದಾಡುವ ಕಾಲುದಾರಿಗೆ ಅಡ್ಡಲಾಗಿ ತಂತಿ ಕಟ್ಟುತ್ತಿದ್ದರು. ಹುಲಿಯೋ ಚಿರತೆಯೋ ಅದನ್ನು ಮುಟ್ಟಿದೊಡನೆ ಬೆಳಕು ಹೊತ್ತಿ ಕ್ಯಾಮೆರಾ ತಾನಾಗಿ ಚಿತ್ರ ತೆಗೆಯುತ್ತಿತ್ತು. ಒಂದು ಹೊಡೆತಕ್ಕೆ ಒಂದೇ ಚಿತ್ರ. ಇಬ್ಬನಿ ಬಿದ್ದರೂ ಕಾಡುಹಂದಿ ತಂತಿ ತುಳಿದರೂ ಆ ರಾತ್ರಿಯ ಶ್ರಮ ವ್ಯರ್ಥ. ಹೀಗೆ ದೊರೆತ ಚಿತ್ರಗಳ ಪುಸ್ತಕ 1927ರಲ್ಲಿ ಹೊರಬಂತು. ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು 1926ರಲ್ಲಿ ಕೊಂದ ಜಿಮ್ ಕಾರ್ಬೆಟ್ಟರು ಮುಂದೆ ಚಲನಚಿತ್ರದ ಕ್ಯಾಮೆರಾ ಹಿಡಿಯಲು ಚಾಂಪಿಯನ್ನರ ಪ್ರೇರಣೆಯೂ ಕಾರಣವಾಯಿತು.

‘ಸಫಾರಿ’ ಎಂಬ ಪದವೂ ಇದೇ ಹಾದಿಯಲ್ಲಿ ಅರ್ಥ ಬದಲಿಸಿಕೊಂಡು ಬಂದಿದೆ. ಅರಬ್ಬಿಯ ಮೂಲದಿಂದ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಗೆ ಬಂದ ಆ ಪದಕ್ಕೆ ಪ್ರಯಾಣವೆಂದಷ್ಟೇ ಅರ್ಥ. ದಖ್ಖನಿಯ ಒಡನಾಟವಿರುವವರಿಗೆ ಅದರ ಬಂಧುವಾದ ‘ಸಫರ್’ ಪರಿಚಿತವೇ. ಬೇಟೆಗಾರರ ಕೈಯಲ್ಲಿ ಅದು ಬೇಟೆಯ ಯಾತ್ರೆಯಾಯಿತು. ಕೋವಿ ಹಿಂದೆ ಸರಿದ ಮೇಲೆ ಕಾಡುಪ್ರಾಣಿಗಳನ್ನು ನೋಡಲು ಹೋಗುವ ಸವಾರಿಯಾಯಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಬದಲಾವಣೆಗೆ ಭದ್ರವಾದ ತಳಹದಿ ಹಾಕಿತು. ಇಂದು ಚಿರತೆ ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ.

ಕನ್ನಡ ನಾಡಿನಲ್ಲಿ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ವನ್ಯಜೀವಿ ಛಾಯಾಗ್ರಹಣವನ್ನು ಕಲೆಯ ಮಟ್ಟಕ್ಕೇರಿಸಿದರು. ಅದು ಫಿಲ್ಮಿನ ಕಾಲ. ಒಂದು ಸುರುಳಿಗೆ ಮೂವತ್ತಾರು ಚಿತ್ರ. ಫಲವೇನೆಂಬುದು ಊರಿಗೆ ಮರಳಿ ಫಿಲ್ಮ್ ತೊಳೆದ ಮೇಲಷ್ಟೇ ತಿಳಿಯುತ್ತಿತ್ತು. ಇಂದು ದೂರವನ್ನು ಹತ್ತಿರ ತರುವ ಮಸೂರಗಳಿವೆ, ಮಬ್ಬು ಬೆಳಕಿಗೂ ಒಗ್ಗುವ ಕ್ಯಾಮೆರಾಗಳಿವೆ. ಚಿರತೆ ಮಾತ್ರ ಅಂದಿನಂತೆಯೇ ಮರೆಯಲ್ಲಿ ಬಾಳುವ ಪ್ರಾಣಿ.

ಕಬಿನಿ ಹಿನ್ನೀರಿನ ಸುತ್ತಲ ನಾಗರಹೊಳೆಯ ಕಾಡು ಇಂದು ಚಿರತೆಯ ಚಿತ್ರಗಳಿಗೆ ಹೆಸರಾದ ತಾಣ. ಬೇಸಿಗೆಯಲ್ಲಿ ನೀರು ಇಳಿದಂತೆ ಅಂಚಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಜಿಂಕೆಗಳು ಕೂಡುತ್ತವೆ, ಅವುಗಳ ಹಿಂದೆ ಚಿರತೆಯೂ ಬರುತ್ತದೆ. ಅಲ್ಲಿನ ನುರಿತ ಚಾಲಕರು ಕಣ್ಣಿಗಿಂತ ಮೊದಲು ಕಿವಿಯನ್ನು ನಂಬುತ್ತಾರೆ. ಮರದ ತುದಿಯಲ್ಲಿ ಮುಸುವ ಕೆಮ್ಮಿದಂತೆ ಕೂಗಿ, ಕೆಳಗೆ ಜಿಂಕೆ ಅದಕ್ಕೆ ದನಿಗೂಡಿಸಿದರೆ ಜೀಪು ನಿಲ್ಲುತ್ತದೆ. ಮತ್ತಿ ಮರದ ಕೊಂಬೆಯಿಂದ ಇಳಿಬಿದ್ದ ಬಾಲವೊಂದೇ ಎಷ್ಟೋ ಸಲ ಮೊದಲು ಕಾಣುವುದು. ಅಲ್ಲಿ ಪ್ರಸಿದ್ಧವಾದ ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ಅದು ಮೈಬಣ್ಣ ಗಾಢವಾದ ಚಿರತೆಯೇ. ಓರೆ ಬೆಳಕು ಬಿದ್ದಾಗ ಆ ಕಪ್ಪಿನೊಳಗೂ ಮಚ್ಚೆಗಳು ಕಾಣುತ್ತವೆ.

ಆ ಮಚ್ಚೆಗಳೇ ಚಿರತೆಯ ಗುರುತಿನ ಚೀಟಿ. ಒಂದರ ಮಚ್ಚೆಯ ವಿನ್ಯಾಸ ಇನ್ನೊಂದಕ್ಕಿಲ್ಲ. ಒಂದೇ ಚಿರತೆಯ ಎಡಮೈ ಬಲಮೈಗಳೂ ಒಂದೇ ಬಗೆಯಾಗಿರುವುದಿಲ್ಲ. ಆದ್ದರಿಂದಲೇ ದಾರಿಯ ಇಕ್ಕೆಲಗಳಲ್ಲಿ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ಹುಲಿಗಳನ್ನು ಪಟ್ಟೆಗಳಿಂದ ಗುರುತಿಸಿ ಎಣಿಸಿದ ಕ್ರಮವೇ ಚಿರತೆಗೂ ವಿಸ್ತರಿಸಿತು. ಕಾವೇರಿ ಮತ್ತು ಮಲೆಮಹದೇಶ್ವರ ವನ್ಯಜೀವಿಧಾಮಗಳಲ್ಲಿ ಸಂಜಯ್ ಗುಬ್ಬಿಯವರ ತಂಡ ಈ ಬಗೆಯ ಅಧ್ಯಯನ ನಡೆಸಿದೆ. ಚಾಂಪಿಯನ್ನರ ತಂತಿಯ ಜಾಗದಲ್ಲಿ ಈಗ ಮೈಯ ಶಾಖವನ್ನೂ ಚಲನೆಯನ್ನೂ ಅರಿಯುವ ಯಂತ್ರವಿದೆ. 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿವೆ. ಕರ್ನಾಟಕದಲ್ಲಿ 1,879, ತಮಿಳುನಾಡಿನಲ್ಲಿ 1,070. ಈ ಲೆಕ್ಕದ ಹಿಂದೆಯೂ ಕ್ಯಾಮೆರಾ ಇದೆ.

ನಮ್ಮ ಮಗ್ಗುಲಿನ ಕಾಡು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು. 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವೂ ಘೋಷಣೆಯಾಯಿತು. ಆಚೆಗೆ ಕರ್ನಾಟಕದ ಕಾವೇರಿ ವನ್ಯಜೀವಿಧಾಮ. ರಾಜ್ಯಗಳ ಎಲ್ಲೆ ನಕ್ಷೆಯ ಮೇಲಿದೆ, ಕಾಡು ಮಾತ್ರ ಒಂದೇ. ಎಲ್ಲೆಯ ಎರಡೂ ಬದಿಗಳಲ್ಲಿ ನೆಂಟಸ್ತನ ಇಟ್ಟುಕೊಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಚರಿತ್ರೆಗೆ ನೋವಿನ ಮುಖವೂ ಇದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ, ಅದನ್ನು ಹಿಡಿಯಲು ನೆರವಾಗಲು ಹೋಗಿದ್ದ ಗುಬ್ಬಿಯವರೇ ತೀವ್ರವಾಗಿ ಗಾಯಗೊಂಡರು. ಆ ದೃಶ್ಯಗಳನ್ನು ಲೋಕವೆಲ್ಲ ನೋಡಿತು. ಕೊಂಬೆಯ ಮೇಲೆ ನೆಮ್ಮದಿಯಾಗಿ ಮಲಗಿದ ಚಿರತೆ ಮತ್ತು ಗೋಡೆಗಳ ನಡುವೆ ಸಿಕ್ಕಿ ಕಂಗೆಟ್ಟ ಚಿರತೆ, ಎರಡೂ ಅದೇ ಪ್ರಾಣಿ. ಊರಿಗೆ ಚಿರತೆ ಬಂದಿತೆಂದರೆ ಇಂದು ನೂರಾರು ಜನ ಮೊಬೈಲ್ ಹಿಡಿದು ಸುತ್ತುವರಿಯುತ್ತಾರೆ. ತಪ್ಪಿಸಿಕೊಳ್ಳಲು ದಾರಿ ಕಾಣದ ಪ್ರಾಣಿ ಎದುರಿಗೆ ಸಿಕ್ಕವರ ಮೇಲೆ ಎರಗುತ್ತದೆ. ಅನಂತರ ಅದನ್ನೇ ದುಷ್ಟನೆನ್ನುತ್ತೇವೆ.

ಆಡು ಕಳೆದುಕೊಂಡ ಬಡವನ ಮುಂದೆ ಚಿರತೆಯ ಚೆಲುವನ್ನು ಹೊಗಳುವುದು ಸುಲಭವಲ್ಲ, ಸರಿಯೂ ಅಲ್ಲ. ಅವನಿಗೆ ಸಲ್ಲಬೇಕಾದ ಪರಿಹಾರ ತಡವಿಲ್ಲದೆ ಸಲ್ಲಬೇಕು, ಅವನ ದೊಡ್ಡಿ ಭದ್ರವಾಗಬೇಕು. ಹಾಗೆಯೇ, ಸಫಾರಿಯಲ್ಲಿ ತೆಗೆದ ಚಿತ್ರದ ಬೆಲೆಯನ್ನು ಅಳೆಯಲು ನಮ್ಮಲ್ಲಿ ಒಂದು ಸರಳ ಮಾನದಂಡವಿರಲಿ: ಚಿತ್ರ ತೆಗೆದ ಮೇಲೆ ಆ ಚಿರತೆ ತನ್ನ ಕೆಲಸವನ್ನು ಮೊದಲಿನಂತೆಯೇ ಮುಂದುವರಿಸಿತೇ? ದೂರ ಕಾಯ್ದುಕೊಂಡವನು, ದನಿ ತಗ್ಗಿಸಿದವನು, ಕಣ್ಣಿಗೆ ಬೆಳಕು ಹಾಯಿಸದವನು, ಅದರ ನೆಲೆಯನ್ನು ಊರಿಗೆಲ್ಲ ಸಾರದವನು ಮಾತ್ರ ಹೌದೆಂದು ಉತ್ತರಿಸಬಲ್ಲ.

ಗುಮ್ಮಳಾಪುರದ ಹಿರಿಯರಿಗೆ ಕೋವಿಯ ನೆರವು ಬೇಕಾದ ದಿನಗಳಿದ್ದವು. ಅವರ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಇಂದು ಅದೇ ಕಾಡಿನ ದಾರಿಯಲ್ಲಿ ರಾತ್ರಿ ಹಾದುಹೋಗುವ ಚಿರತೆ ಒಂದು ಚಿತ್ರವನ್ನಷ್ಟೇ ಬಿಟ್ಟು ಮುಂದೆ ಸಾಗಬಹುದು. ಆ ದಾರಿ ನಮ್ಮ ಮಕ್ಕಳ ಕಾಲಕ್ಕೂ ಅದಕ್ಕೆ ತೆರೆದಿರಲೆಂದು ಹಾರೈಸುತ್ತೇವೆ.