ಪೌತಿ ಖಾತೆ: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡದಿರಿ

ಬೀದರ್: ಕುಟುಂಬದ ಹಿರಿಯರು ನಿಧನರಾದ 21 ದಿನಗಳೊಳಗೆ ಮರಣವನ್ನು ನೋಂದಾಯಿಸಿ, ಬಳಿಕ ನಾಡಕಚೇರಿಯಲ್ಲಿ ವಂಶವೃಕ್ಷ ದೃಢೀಕರಣ ಪತ್ರ ಪಡೆಯಬೇಕು. ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಕೃಷಿ ಜಮೀನಿದ್ದಲ್ಲಿ, ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 128ನೇ ಕಲಮಿನಂತೆ ವಾರಸುದಾರರು ಮೂರು ತಿಂಗಳೊಳಗೆ ಪೌತಿ ಖಾತೆಗೆ ವರದಿ ಸಲ್ಲಿಸಬೇಕು. ಆಕ್ಷೇಪಣೆಗೆ ಅವಕಾಶವಿದೆ. ಬೀದರ್ ನಗರದ ಮನೆ, ನಿವೇಶನಗಳ ಖಾತೆ ಬದಲಾವಣೆಗೆ ನಗರಾಡಳಿತಕ್ಕೆ ಅರ್ಜಿ ಸಲ್ಲಿಸಬೇಕು.

ಉಯಿಲಿದ್ದರೂ ಇಲ್ಲಿ ಪ್ರೊಬೇಟ್ ಕಡ್ಡಾಯವಲ್ಲ. ನಾಮನಿರ್ದೇಶನವಿಲ್ಲದ ಠೇವಣಿಗೆ ಬ್ಯಾಂಕು ಕೇಳಿದಲ್ಲಿ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗುತ್ತದೆ.

ವಿವಾಹಿತ ಪುತ್ರಿಯರ ಹೆಸರನ್ನು ವಂಶವೃಕ್ಷದಲ್ಲಿ ಕೈಬಿಡುವುದು ವ್ಯಾಜ್ಯಕ್ಕೆ ಎಡೆಮಾಡುತ್ತದೆ. 2005ರ ತಿದ್ದುಪಡಿಯನ್ವಯ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಸಮಪಾಲಿದೆ. ಒಬ್ಬರ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದ ವಾರಸುದಾರರ ಹಕ್ಕು ಅಳಿಯದು.