ದೋಣಿಯಂತ್ರಗಳ ಹಳೆಯ ನಂಟರು

ದೋಣಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹುಟ್ಟು, ಜಲ್ಲೆ ಮತ್ತು ಅಂಬಿಗ. ಈ ಮೂರರ ಜೊತೆಗೆ ಇಪ್ಪತ್ತನೆಯ ಶತಮಾನವು ನಾಲ್ಕನೆಯದೊಂದನ್ನು ಸೇರಿಸಿತು. ದೋಣಿಯ ಹಿಂಬದಿಯ ಹಲಗೆಗೆ ತಿರುಪಿನಿಂದ ಬಿಗಿದು, ಕೆಲಸ ಮುಗಿದ ಮೇಲೆ ಬಿಚ್ಚಿ ಮನೆಗೆ ಹೊತ್ತೊಯ್ಯಬಹುದಾದ ಪುಟ್ಟ ಯಂತ್ರವೇ ಅದು. ಅದಕ್ಕೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಅದನ್ನು ಕಂಡವರು ಅನೇಕರಿರಬಹುದು. ಇಂಥ ಯಂತ್ರ ಹಳತಾಗಿ, ಕೆಟ್ಟು ಮೂಲೆ ಸೇರಿದ ಮೇಲೆ ಅದಕ್ಕೆ ಗುಜರಿಯೇ ಗತಿ ಎಂದು ಯಾರಾದರೂ ಹೇಳಿಯಾರು. ಹಾಗಾಗಬಾರದೆಂದು ಹಟ ಹಿಡಿದ ಕೆಲವರು 1965ರಲ್ಲಿ ಅಮೆರಿಕದಲ್ಲಿ ಒಂದು ಸಂಘವನ್ನೇ ಕಟ್ಟಿದರು. ಅದೇ ಆಂಟಿಕ್ ಔಟ್‌ಬೋರ್ಡ್ ಮೋಟಾರ್ ಕ್ಲಬ್.

ಸಂಘದ ಕಥೆಯನ್ನು ತಿಳಿಯಬೇಕಾದರೆ ಯಂತ್ರದ ಕಥೆಯನ್ನು ಒಂದಿಷ್ಟು ತಿಳಿದಿರಬೇಕು. ಓಲೆ ಎವಿನ್‌ರೂಡ್ ಎಂಬಾತ 1877ರಲ್ಲಿ ನಾರ್ವೆ ದೇಶದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಯರೊಡನೆ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತಕ್ಕೆ ಬಂದವನು. ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಕೆತ್ತುವುದು ಅವನ ಕಸುಬು. ಒಂದು ಬಿರುಬಿಸಿಲಿನ ದಿನ ಅವನು ತಾನು ಮೆಚ್ಚಿದ ಬೆಸ್ ಎಂಬ ಹುಡುಗಿಗಾಗಿ ಐಸ್‌ಕ್ರೀಮ್ ತರಲು ಸರೋವರದ ಆಚೆ ದಡಕ್ಕೆ ಹುಟ್ಟು ಹಾಕಿ ಹೋದನಂತೆ. ಮರಳಿ ಬರುವಷ್ಟರಲ್ಲಿ ಐಸ್‌ಕ್ರೀಮ್ ಕರಗಿ ನೀರಾಗಿತ್ತಂತೆ. ಆ ಆಯಾಸದಲ್ಲಿ ಯಂತ್ರದ ಯೋಚನೆ ಹುಟ್ಟಿತೆಂಬುದು ಪ್ರಸಿದ್ಧವಾದ ಕಥೆ. ಅದು ಎಷ್ಟರಮಟ್ಟಿಗೆ ನಿಜವೋ, 1909ರಲ್ಲಿ ಎವಿನ್‌ರೂಡ್‌ನ ಯಂತ್ರ ಮಾರಾಟಕ್ಕೆ ಬಂದದ್ದಂತೂ ನಿಜ. ಒಂದೂವರೆ ಅಶ್ವಶಕ್ತಿ; ತೂಕ 62 ಪೌಂಡು; ಬೆಲೆಯೂ 62 ಡಾಲರು! ಬೆಸ್ ಅವನ ಮಡದಿಯಾದಳು. ಪತ್ರವ್ಯವಹಾರವನ್ನೂ ಜಾಹೀರಾತನ್ನೂ ನೋಡಿಕೊಂಡು ವ್ಯಾಪಾರವನ್ನು ಬೆಳೆಸಿದವಳು ಅವಳೇ.

ಆದರೆ ಎವಿನ್‌ರೂಡ್ ಮೊದಲಿಗನಲ್ಲ. 1881ರಲ್ಲಿಯೇ ಪ್ಯಾರಿಸ್ಸಿನ ಗುಸ್ತಾವ್ ತ್ರೂವೆ ಎಂಬಾತ ದೋಣಿಯ ಹಿಂಬದಿಗೆ ವಿದ್ಯುತ್ ಮೋಟಾರನ್ನು ಕಟ್ಟಿ ಸೆನ್ ನದಿಯಲ್ಲಿ ಓಡಿಸಿದ್ದನು. ಅಮೆರಿಕದಲ್ಲಿ ಕ್ಯಾಮರಾನ್ ವಾಟರ್‌ಮನ್ ಎಂಬ ಕಾನೂನು ವಿದ್ಯಾರ್ಥಿ 1905ರಲ್ಲಿ ತನ್ನ ಯಂತ್ರವನ್ನು ಪರೀಕ್ಷಿಸಿ, 1907ರಲ್ಲಿ ಪೇಟೆಂಟು ಪಡೆದನು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಐಸ್‌ಕ್ರೀಮಿನ ಕಥೆ. ಚರಿತ್ರೆಯಲ್ಲಿ ಹೀಗಾಗುವುದು ಅಪರೂಪವೇನಲ್ಲ. ಚೆನ್ನಾಗಿ ಮಾರಿದವನ ಹೆಸರು ಮೊದಲು ಮಾಡಿದವನ ಹೆಸರನ್ನು ಮರೆಸಿಬಿಡುತ್ತದೆ. ಮಾತಿಗೆ ಮರುಳಾಗದೆ ವಸ್ತುವನ್ನೇ ಕೈಗೆತ್ತಿಕೊಂಡು ನೋಡುವ ಸಂಗ್ರಾಹಕನಿಗೆ ಈ ಮರೆವು ಅಷ್ಟು ಸುಲಭವಲ್ಲ. ವಾಟರ್‌ಮನ್ ಯಂತ್ರವೊಂದು ಅವನ ಅಟ್ಟದ ಮೇಲಿದ್ದರೆ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಮುಂದೆ ಯಂತ್ರಗಳು ಹಗುರವಾದವು, ವೇಗ ಪಡೆದವು. ಜಾನ್ಸನ್ ಸೋದರರು 1920ರ ದಶಕದ ಆರಂಭದಲ್ಲಿ ಕೇವಲ 35 ಪೌಂಡು ತೂಗುವ ಯಂತ್ರವನ್ನು ತಂದರು. 1939ರಲ್ಲಿ ಕಾರ್ಲ್ ಕೀಕ್‌ಹೇಫರ್ ಎಂಬಾತ ವಿಸ್ಕಾನ್ಸಿನ್ನಿನ ಸೀಡರ್‌ಬರ್ಗ್ ಎಂಬ ಊರಿನಲ್ಲಿ ಒಂದು ಕಾರ್ಖಾನೆಯನ್ನು ಕೊಂಡನು. ಕೊಳ್ಳುವವರು ದೋಷವುಳ್ಳವೆಂದು ತಿರಸ್ಕರಿಸಿದ ಯಂತ್ರಗಳು ಅಲ್ಲಿ ಬಿದ್ದಿದ್ದವು. ಅವನ್ನೇ ಸರಿಪಡಿಸಿ ಮಾರಿ ಮರ್ಕ್ಯುರಿ ಎಂಬ ಹೆಸರಾಂತ ಸಂಸ್ಥೆಗೆ ಆತ ತಳಹದಿ ಹಾಕಿದನು. ಹೊಸತು ಬಂದಂತೆ ಹಳತು ಕೊಟ್ಟಿಗೆ ಸೇರಿತು. ಮಹಾಯುದ್ಧದ ಕಾಲದಲ್ಲಿ ಲೋಹವನ್ನೆಲ್ಲ ಬಾಚಿ ಕರಗಿಸುವ ಅಭಿಯಾನಗಳೂ ನಡೆದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

1965ರ ವೇಳೆಗೆ ಎವಿನ್‌ರೂಡ್‌ನ ಮೊದಲ ಯಂತ್ರಗಳಿಗೆ ಅರ್ಧ ಶತಮಾನ ದಾಟಿತ್ತು. ಅವುಗಳ ಭಾಗಗಳು ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ಒಬ್ಬನ ಬಳಿ ಹಿತ್ತಾಳೆಯ ಇಂಧನ ಡಬ್ಬಿ, ಇನ್ನೊಬ್ಬನ ಬಳಿ ಮರದ ಹಿಡಿಯುಳ್ಳ ಗತಿಚಕ್ರ. ಇಬ್ಬರ ನಡುವೆ ಸಾವಿರ ಮೈಲಿ ದೂರ. ಇಂಥವರನ್ನು ಒಂದುಗೂಡಿಸಿದ್ದೇ ಸಂಘದ ಮೊದಲ ಸಾಧನೆ. ಮರುವರ್ಷ ‘ದಿ ಆಂಟಿಕ್ ಔಟ್‌ಬೋರ್ಡರ್’ ಎಂಬ ಪತ್ರಿಕೆ ಹೊರಟಿತು. ಹಳೆಯ ಜಾಹೀರಾತುಗಳು, ಯಂತ್ರಗಳ ಚಿತ್ರಗಳು, ದುರಸ್ತಿಯ ಉಪಾಯಗಳು, ‘ಬೇಕಾಗಿದೆ’ ‘ಮಾರಾಟಕ್ಕಿದೆ’ ಎಂಬ ಸಣ್ಣ ಪ್ರಕಟಣೆಗಳು ಅದರ ಸಾಮಗ್ರಿ. ವೆಬ್ ಮತ್ತು ಕ್ಯಾರಿಕ್ ಎಂಬಿಬ್ಬರು ಬರೆದ ಔಟ್‌ಬೋರ್ಡ್ ಮೋಟಾರುಗಳ ಸಚಿತ್ರ ಇತಿಹಾಸವೂ 1967ರಲ್ಲಿ ಹೊರಬಂದಿತು. ಹೀಗೆ ಕೆಲವೇ ವರ್ಷಗಳಲ್ಲಿ ಒಂದು ಹವ್ಯಾಸಕ್ಕೆ ಸಂಘ, ಪತ್ರಿಕೆ, ಗ್ರಂಥ ಮೂರೂ ಒದಗಿದವು. ಸಾಹಿತ್ಯ ಪರಂಪರೆಗಳು ನಿಲ್ಲುವುದೂ ಇವುಗಳ ಆಸರೆಯಿಂದಲೇ ಎಂಬುದನ್ನು ನಾವು ಬಲ್ಲೆವು.

ಈ ಸಂಘದ ಕೂಟಗಳಿಗೆ ಒಂದು ವೈಶಿಷ್ಟ್ಯವಿದೆ. ಅಲ್ಲಿ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯುವುದಿಲ್ಲ. ಸರೋವರದ ದಡದಲ್ಲಿ ನೆರೆದು, ದೋಣಿಗೆ ಕಟ್ಟಿ, ನೀರಿಗಿಳಿಸಿ ಓಡಿಸುತ್ತಾರೆ. ಹಳೆಯ ಎವಿನ್‌ರೂಡ್ ಹೊರಡಬೇಕಾದರೆ ಗತಿಚಕ್ರದ ಹಿಡಿಯನ್ನು ಕೈಯಿಂದ ತಿರುವಬೇಕು. ಯಂತ್ರ ಹೊತ್ತಿಕೊಂಡೊಡನೆ ಹಿಡಿಯೂ ಚಕ್ರದೊಡನೆ ಗಿರ್ರನೆ ತಿರುಗುತ್ತದೆ. ಕೈ ಹಿಂತೆಗೆಯದವನ ಬೆರಳ ಗೆಣ್ಣುಗಳಿಗೆ ಅದು ಸುಮ್ಮನೆ ಪಾಠ ಹೇಳುವುದಿಲ್ಲ! ಪುಸ್ತಕದಿಂದ ಬಾರದ ಇಂಥ ಅರಿವು ಕೈಯಿಂದ ಕೈಗೆ ದಾಟಬೇಕು. ಅದನ್ನು ದಾಟಿಸುವುದೇ ಈ ಕೂಟಗಳ ನಿಜವಾದ ಪ್ರಯೋಜನ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹಳೆಯ ಎರಡು ಹೊಡೆತದ ಯಂತ್ರಗಳು ಪೆಟ್ರೋಲಿಗೆ ಎಣ್ಣೆ ಬೆರೆಸಿ ಉರಿಸುವಂಥವು. ಇಂಧನದ ಒಂದು ಪಾಲು ಉರಿಯದೆಯೇ ನೀರಿಗೆ ಸೇರುತ್ತದೆ. ಅಮೆರಿಕದ ಸರಕಾರ 1996ರಲ್ಲಿ ಹೊಸ ದೋಣಿಯಂತ್ರಗಳ ಹೊಗೆಗೆ ಕಟ್ಟುನಿಟ್ಟಾದ ಮಿತಿ ವಿಧಿಸಿತು. ಟಾಹೋ ಸರೋವರದಲ್ಲಿ 1999ರಿಂದ ಹಳೆಯ ಬಗೆಯ ಎರಡು ಹೊಡೆತದ ಯಂತ್ರಗಳಿಗೆ ನಿಷೇಧ ಬಂದಿತು. ನೀರಿನ ಮೇಲಿನ ಪ್ರೀತಿಯೇ ಯಂತ್ರವನ್ನು ಹುಟ್ಟಿಸಿತು. ಅದೇ ಪ್ರೀತಿ ಯಂತ್ರಕ್ಕೆ ಬೇಲಿಯನ್ನೂ ಹಾಕಿತು. ಬೇಲಿಯನ್ನು ನಿಂದಿಸುವಂತಿಲ್ಲ. ನಿತ್ಯದ ಓಡಾಟಕ್ಕೆ ಸಲ್ಲದ ಯಂತ್ರ ವರ್ಷಕ್ಕೊಮ್ಮೆ ಒಂದಷ್ಟು ಹೊತ್ತು ಮಿಡಿದರೆ ಸಾಕೆಂಬ ತೃಪ್ತಿ ಸಂಗ್ರಾಹಕನಿಗೆ ಇರಬೇಕಾಗುತ್ತದೆ.

ಇನ್ನು ಕಂಪನಿಗಳ ಗತಿ. ಎವಿನ್‌ರೂಡ್ ಮತ್ತು ಜಾನ್ಸನ್ ಹೆಸರುಗಳೆರಡನ್ನೂ ಹೊತ್ತಿದ್ದ ಔಟ್‌ಬೋರ್ಡ್ ಮರೀನ್ ಸಂಸ್ಥೆ 2000ದ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು. ಕೆನಡಾದ ಒಂದು ಸಂಸ್ಥೆ ಆ ಹೆಸರುಗಳನ್ನು ಕೊಂಡು ಕೆಲಕಾಲ ನಡೆಸಿ, 2020ರಲ್ಲಿ ಎವಿನ್‌ರೂಡ್ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಒಂದು ಶತಮಾನಕ್ಕೂ ಮಿಕ್ಕಿ ಬಾಳಿದ ಹೆಸರು ಕಾರ್ಖಾನೆಯ ಬಾಗಿಲಿನಿಂದ ಅಳಿಸಿಹೋಯಿತು.

ಲಾಭಕ್ಕಾಗಿ ಮಾಡಿದವರು ಲಾಭ ತಪ್ಪಿದಾಗ ಕೈಬಿಟ್ಟರು. ಅದು ವ್ಯಾಪಾರದ ಧರ್ಮ. ಲಾಭದ ಹಂಗಿಲ್ಲದೆ ಸೇರಿದ ಹವ್ಯಾಸಿಗಳು ಕೈಬಿಡಲಿಲ್ಲ. ಯಾವ ಯಂತ್ರ ಯಾವ ವರ್ಷದ್ದು, ಯಾವ ತಿರುಪು ಎಲ್ಲಿಗೆ ಸಲ್ಲುವುದು ಎಂದು ಕೇಳಬೇಕಾದರೆ ಇಂದು ಈ ಸಂಘದ ಸದಸ್ಯರ ಕದವನ್ನೇ ತಟ್ಟಬೇಕಾದೀತು. ನಮ್ಮಲ್ಲಿಯೂ ಮಗ್ಗ, ಗಾಣ, ಏತಗಳ ಜೊತೆಯಲ್ಲಿ ಅವುಗಳ ಬಿಡಿಭಾಗಗಳ ಹೆಸರುಗಳೂ ಮರೆಯಾಗುತ್ತಿವೆ. ವಸ್ತು ಹೋದರೆ ಮಾತೂ ಹೋಗುತ್ತದೆ. ಹಳೆಯ ಕಬ್ಬಿಣದ ಮೇಲೆ ಇವರಿಗೇಕೆ ಇಷ್ಟು ಮೋಹ ಎಂದು ನಗುವ ಮೊದಲು, ಗಾಣದ ಭಾಗಗಳಲ್ಲಿ ನಾಲ್ಕರ ಹೆಸರನ್ನಾದರೂ ನಾವು ಹೇಳಬಲ್ಲೆವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.