ಉಪಗ್ರಹ ತಂತ್ರಾಂಶಕ್ಕೆ ನೆಲದ ಸಿದ್ಧತೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಾಧ್ಯತೆ

ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲೂಕಿನ ಉಜಿರೆ, ಮೂಡುಬಿದಿರೆ ಸಮೀಪದ ಮಿಜಾರು: ಮೂರೂ ಕಡೆ ಇಂಜಿನಿಯರಿಂಗ್ ಕಾಲೇಜುಗಳಿವೆ. ಉಪಗ್ರಹ ನಿರ್ಮಾಣಕ್ಕೆ ಬೇಕಾದ ಧೂಳುರಹಿತ ಕೊಠಡಿ, ನಿರ್ವಾತ ಪರೀಕ್ಷಾಗಾರಗಳನ್ನು ಇಲ್ಲಿ ಕಟ್ಟುವುದು ದುಬಾರಿ. ಆದರೆ ಉಪಗ್ರಹದೊಳಗೆ ಓಡುವ ತಂತ್ರಾಂಶವನ್ನು ಬರೆದು ಪರೀಕ್ಷಿಸುವ ಪರಿಸರಕ್ಕೆ ಸಾಧಾರಣ ಕಂಪ್ಯೂಟರ್ ಸಾಕು. ಕೆಲಸ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ಈ ಲೇಖನದ ವಾದ.

ಸಾಧಾರಣ ಸೌಲಭ್ಯಗಳಿಂದಲೇ ಕೆಲಸ ಆರಂಭಿಸುವುದಕ್ಕೆ ಪೂರ್ವನಿದರ್ಶನವಿದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಆರ್ಯಭಟ ಉಪಗ್ರಹ ರೂಪುಗೊಂಡದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಬೆಂಗಳೂರು, ಹೈದರಾಬಾದುಗಳ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ, ಒಂದು ಕಿಲೋಗೂ ಕಡಿಮೆ ತೂಕದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಕಕ್ಷೆ ಸೇರಿತು.

ತಂತ್ರಾಂಶ ಬರೆದು ಪರೀಕ್ಷಿಸುವ ಪರಿಸರದ ಅಂಗಗಳು ಮೂರು: ಲ್ಯಾಪ್‌ಟಾಪ್‌ನಲ್ಲಿ ಕುಳಿತು ಬೇರೊಂದು ಪ್ರೊಸೆಸರ್‌ಗೆ ಕೋಡ್ ತಯಾರಿಸುವ ಕ್ರಾಸ್ ಕಂಪೈಲರ್, ಆರ್‌ಟಿಇಎಂಎಸ್‌ನಂಥ ನೈಜಕಾಲಿಕ ಕಾರ್ಯಾಚರಣ ವ್ಯವಸ್ಥೆ, ಹಾರ್ಡ್‌ವೇರನ್ನು ಅನುಕರಿಸುವ ಎಮುಲೇಟರ್. ಯುರೋಪಿನ ಉಪಗ್ರಹಗಳಲ್ಲಿ ಬಳಕೆಯಲ್ಲಿರುವ ಲಿಯಾನ್-3 ಪ್ರೊಸೆಸರನ್ನು ಕ್ಯೂಎಮು ಎಂಬ ಮುಕ್ತ ತಂತ್ರಾಂಶ ಅನುಕರಿಸುತ್ತದೆ. ಇದರ ಪ್ರಯೋಜನ ಸಣ್ಣದೊಂದು ಪ್ರಯೋಗದಲ್ಲೇ ಕಾಣುತ್ತದೆ. ಉಷ್ಣಮಾಪಕ 25 ಡಿಗ್ರಿ ತೋರಿಸಿತೆನ್ನಿ. ಷೋಡಶಮಾನದಲ್ಲಿ ಅದು 00, 19 ಎಂಬ ಎರಡು ಬೈಟ್. ಲಿಯಾನ್ ದೊಡ್ಡ ಬೆಲೆಯ ಬೈಟನ್ನು ಮೊದಲಿಡುತ್ತದೆ, ನಮ್ಮ ಲ್ಯಾಪ್‌ಟಾಪ್ ಚಿಕ್ಕದನ್ನು. ಕ್ರಮ ಬದಲಿಸದೆ ಓದಿದರೆ 19, 00 ಆಗಿ ಪರದೆಯ ಮೇಲೆ 6400 ಡಿಗ್ರಿ ಮೂಡುತ್ತದೆ! ಕೋಡನ್ನು ಲ್ಯಾಪ್‌ಟಾಪ್‌ನಲ್ಲಷ್ಟೇ ಓಡಿಸಿ ನೋಡಿದವರಿಗೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಸ್ಥಳೀಯವಾಗಿ ಹೆಚ್ಚು ಗಮನ ಬೇಡುವುದು ಈ ಪರಿಕರಗಳ ಆವೃತ್ತಿಗಳ ವಿಚಾರ. ಆರ್‌ಟಿಇಎಂಎಸ್ ಪರಿಕರಗಳನ್ನು ಮೂಲಸಂಕೇತದಿಂದ ಕಟ್ಟುವಾಗ ಕಂಪೈಲರ್, ಲಿಂಕರ್, ಡಿಬಗ್ಗರ್‌ಗಳ ಕಡತಗಳೆಲ್ಲ ಜಾಲದಿಂದ ಇಳಿಯಬೇಕು. ಮಳೆಗಾಲದಲ್ಲಿ ಘಟ್ಟದ ಬುಡದ ಊರುಗಳಲ್ಲಿ ಕರೆಂಟೂ ಇಂಟರ್‌ನೆಟ್ಟೂ ಕೈಕೊಡುವುದು ಹೊಸತೇನಲ್ಲ. ಹಾಗಾಗಿ ಎಲ್ಲ ಕಡತಗಳ ನಕಲನ್ನು, ಅವುಗಳ ತಾಳೆಸಂಖ್ಯೆ (ಚೆಕ್‌ಸಮ್) ಸಮೇತ, ಕಾಲೇಜಿನ ಸರ್ವರ್‌ನಲ್ಲೇ ಇಡಬೇಕು. ಒಮ್ಮೆ ನಿಗದಿಯಾದ ಆವೃತ್ತಿಯನ್ನು ಯೋಜನೆ ಮುಗಿಯುವವರೆಗೆ ಯಾರೂ ಮುಟ್ಟಬಾರದು. ಹಿರಿಯ ವಿದ್ಯಾರ್ಥಿಗಳು ಪದವಿ ಪಡೆದು ಹೋದ ಮೇಲೂ ಕಿರಿಯರು ಅದೇ ಕೋಡಿನಿಂದ ಅದೇ ಫಲಿತಾಂಶ ಪಡೆಯಲು ಬೇರೆ ದಾರಿಯಿಲ್ಲ.

ಎಮುಲೇಟರ್‌ಗೂ ಮಿತಿಯಿದೆ. ಕ್ಯೂಎಮು ನಿಜವಾದ ಚಿಪ್ಪಿನ ಕಾಲಮಾನವನ್ನು ತದ್ವತ್ ತೋರಿಸದು. ಗಡುವು ತಪ್ಪುವ ದೋಷಗಳಿಗೆ ನಿಜವಾದ ಬೋರ್ಡೇ ಬೇಕು. ಪರೀಕ್ಷೆಗೆ ಕೊಡುವ ದತ್ತಾಂಶವೂ ನೈಜವಾಗಿರಬೇಕು. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ ಮೇಲೇರಿ ನಿಮಿಷ ತುಂಬುವ ಮೊದಲೇ ನಾಶವಾಯಿತು. ಅದರ ತಂತ್ರಾಂಶ 64 ಬಿಟ್ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಏರಿಯಾನ್-4ರಿಂದ ತಂದ ಆ ಕೋಡನ್ನು ಹೊಸ ರಾಕೆಟ್ಟಿನ ಪಥದ ದತ್ತಾಂಶದೊಂದಿಗೆ ಪರೀಕ್ಷಿಸಿರಲಿಲ್ಲ. ಪರೀಕ್ಷಾ ಪರಿಸರ ಅಪೂರ್ಣವಾಗಿದ್ದುದರ ಬೆಲೆ ಅದು.

ಯಾವ ಪ್ರೊಸೆಸರ್‌ನಿಂದ ತೊಡಗಬೇಕು? 2025ರ ಮಾರ್ಚ್‌ನಲ್ಲಿ ಇಸ್ರೋ ಪಡೆದ ಸ್ವದೇಶಿ ಚಿಪ್ಪುಗಳಲ್ಲಿ ವಿಕ್ರಮ್-3201ಕ್ಕೆ ಇಸ್ರೋ ತಾನೇ ರೂಪಿಸಿದ ಅಡಾ ಭಾಷೆಯ ಕಂಪೈಲರ್ ಇದೆ. ಕಲ್ಪನಾ-3201 ಮಾತ್ರ ಲಿಯಾನ್‌ನಂತೆಯೇ ಸ್ಪಾರ್ಕ್ ವಿ8 ಎಂಬ ಪ್ರೊಸೆಸರ್ ಕುಲದ್ದು, ಮುಕ್ತ ಪರಿಕರಗಳಿಗೆ ಒಗ್ಗುವಂಥದ್ದು. ಲಿಯಾನ್ ಎಮುಲೇಟರ್ ಮೇಲೆ ಇಂದು ಕಲಿತದ್ದು ನಾಳೆ ಅಲ್ಲಿಗೂ ಸಲ್ಲುತ್ತದೆ. ಮೂರೂ ಊರುಗಳ ಕಾಲೇಜುಗಳು ಬೇರೆ ಬೇರೆಯಾಗಿ ಹೆಣಗದೆ ಇಂಥ ಒಂದೇ ಪರಿಸರವನ್ನು ಕೂಡಿ ಕಟ್ಟಿ, ಕನ್ನಡದಲ್ಲಿ ಕೈಪಿಡಿ ಬರೆದು ಹಂಚಿಕೊಳ್ಳಲಿ.